ಸಿಂಚನಳ ಎರಡು ಜಡೆಗಾಗಿ ಕೊಟ್ರೇಶನು ಕಾದಿದ್ದು

ವಾಗ್ದೇವಿಯೇ, ವೀಣೆಯನ್ನು ಒಂದು ಗಳಿಗೆ ಕೆಳಗಿಟ್ಟು ಕೈಗೆ ಬಾಚಣಿಗೆ ತೆಗೆದುಕೋ. ಯುಗಗಳಲ್ಲಿ ಕಡೆಯದಾದ ಕಲಿಯುಗದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಮೆಕ್ಕೆಜೋಳಧೂಳಿಧೂಸರಿತವಾದ ದಾವಣಗೆರೆ ಎಂಬ ಮಹಾಪಟ್ಟಣದಲ್ಲಿ, ಷಟ್ಚಕ್ರಲಾರಿರಥಸಾರಥಿಯೂ ಸಮಸ್ತಹಮಾಲಹೃದಯವಲ್ಲಭನೂ ಆದ ಕೊಟ್ರೇಶನೆಂಬ ಗಂಡುಗಲಿಯು ಸ್ವಂತ ಮಗಳ ತಲೆಯ ಮೇಲೆ ಏಕಾಂಗಿಯಾಗಿ ದಂಡೆತ್ತಿ ಹೋದ ವೃತ್ತಾಂತವನ್ನು ಹೇಳುತ್ತೇನೆ. ಕೇಳುವವರು ಒಲೆ ಸಣ್ಣಗೆ ಮಾಡಿ ಬಂದು ಕೂರಬೇಕು.

ಕೊಟ್ರೇಶನ ಹೆಂಡತಿ ವಿಶಾಲಾಕ್ಷಿಯು ಊರ ಹೊರಗಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರು ಹೊಲಿಯುವ ಸೂಚೀಶಸ್ತ್ರವಿಶಾರದೆ. ಅವಳ ಕೈಚಳಕಕ್ಕೆ ಬೆರಗಾದ ಮ್ಯಾನೇಜರು ಹೋದ ವರ್ಷವೇ ಸೂಪರ್‌ವೈಸರ್ ಆಗಲು ಕೇಳಿದ್ದರು. ಆದರೆ ಸೂಪರ್‌ವೈಸರ್ ಆದವರು ಉಳಿದವರಿಗಿಂತ ಒಂದು ತಾಸು ಮೊದಲೇ ಹೋಗಬೇಕು, ಆ ಒಂದು ತಾಸಿನೊಳಗೇ ಮಗಳು ಸಿಂಚನಳ ಜಡೆ ಇತ್ತು. ಶಾಲೆಯ ಕಟ್ಟಳೆಯೋ ಕಠೋರ: ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ಕೆಂಪು ರಿಬ್ಬನ್ನಿನಲ್ಲಿ ಹೂವಿನ ಗಂಟು ಹಾಕಿರಬೇಕು. ಮನೆಯಲ್ಲಿದ್ದ ಅತ್ತೆ ಹಾಲಮ್ಮನಿಗೆ ಕಣ್ಣಿಗೆ ಪೊರೆ ಬಂದು ಬೈತಲೆ ಕಾಣುತ್ತಿರಲಿಲ್ಲ. ಮಗಳ ಅಪ್ಪನಿಗೆ ಎರಡು ಕಣ್ಣೂ ಚೆನ್ನಾಗಿದ್ದವು. ಆದರೆ ಅವನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವನಿಗಂತೂ ಹೊಳೆಯಲೇ ಇಲ್ಲ. ವಿಶಾಲಾಕ್ಷಿ ಆಗ ಬೇಡವೆಂದು ಹೇಳಿಬಂದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಈ ವರ್ಷ ಮತ್ತೆ ಕರೆ ಬಂತು. ನಾಳೆ ಬೇಗ ಬಂದು ಕೆಲಸ ನೋಡಿ, ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕೆಂದು ಮ್ಯಾನೇಜರು ತಿಳಿಸಿದ್ದರು.

"ಈ ಸಲನೂ ಬ್ಯಾಡ ಅಂದ್ರೆ ಇನ್ನು ಕೇಳಂಗಿಲ್ವಂತೆ ರೀ," ಎಂದಳು ವಿಶಾಲಾಕ್ಷಿ, ರೊಟ್ಟಿ ಬಡಿಯುತ್ತ. "ಜಡೇದೊಂದೇ ಯೋಚ್ನೆ ನಂಗೆ."

ಆಗ ಊಟದ ತಟ್ಟೆಯ ಮುಂದೆ ಪದ್ಮಾಸನಸ್ಥನಾಗಿದ್ದ ಆ ಮಹಾರಥಿಯು ಮೀಸೆಗಂಟಿದ ಶೇಂಗಾಚಟ್ನಿಯನ್ನು ಒರೆಸಿಕೊಂಡು ಗರ್ಜಿಸಿದನು:

"ಜಡೆ ಅಂದ್ರೆ ಏನು, ಮೂರೆಳೆ ಹಗ್ಗ ಅಲ್ಲೇನು? ಲಾರಿ ತುಂಬ ಮೆಕ್ಕೆಜೋಳದ ಮೂಟೆ ಹೇರಿ, ತಾಡಪಾಲು ಹೊದಿಸಿ ನಾನು ಬಿಗಿದ ಹಗ್ಗ ಘಾಟಿ ಇಳಿದು ಮಂಗ್ಳೂರು ಮುಟ್ಟಿದ್ರೂ ಸಡ್ಲ ಆಗಿಲ್ಲ. ಗಾಳಿ ಬಿಚ್ಚಿಲ್ಲ, ಮಳೆ ಬಿಚ್ಚಿಲ್ಲ. ಇನ್ನು ಈ ಗುಬ್ಬಿಮರಿ ತಲೆ ಯಾವ ಲೆಕ್ಕ? ನೀನು ಆರಾಮ ಹೋಗು, ನಾನು ನೋಡ್ಕೊಂತೀನಿ."

"ಗಂಡಸು ಜಡೆ ಹಾಕೋದಾ?" ಎಂದಳು ಹಾಲಮ್ಮ. "ಓಣಿಯೋರು ಏನಂದಾರು."

"ಏನಾದ್ರೂ ಅಂದ್ಕಳ್ಳಿ ಬಿಡವ್ವ."

ಅರುಣೋದಯವಾಯಿತು. ವಿಶಾಲಾಕ್ಷಿ ಫ್ಯಾಕ್ಟರಿಯ ಬಸ್ಸು ಹತ್ತಿದಳು. ಸಿಂಚನ ಮಣೆಯ ಮೇಲೆ ಕುಳಿತಳು. ಬಾಚಣಿಗೆಯೆಂಬ ಬಹುದಂತಾಯುಧವನ್ನು ಹಿಡಿದು ಕೊಟ್ರೇಶನು ರಣಾಂಗಣವನ್ನು ಒಮ್ಮೆ ಸುತ್ತಿ ನೋಡಿದನು. ಬಳಿಕ ಎಂಜಿನ್ನಿಗೆ ಆಯಿಲ್ ಹಾಕುವ ಧಾರಾಳದಿಂದಲೇ ಕೊಬ್ಬರಿ ಎಣ್ಣೆಯನ್ನು ಸುರಿದನು. ಅದು ಹಣೆ, ಕಿವಿ, ಯೂನಿಫಾರ್ಮಿನ ಕಾಲರನ್ನು ಕ್ರಮವಾಗಿ ಗೆದ್ದುಕೊಂಡಿತು. ನೆತ್ತಿಯಿಂದ ಹೊರಟ ಬೈತಲೆಯು ಕುತ್ತಿಗೆಯತ್ತ ಸಾಗದೆ ನಡುದಾರಿಯಲ್ಲಿ ಮನಸ್ಸು ಬದಲಿಸಿತು.

"ಅಪ್ಪಾಜಿ, ಬೈತ್ಲೆ ಕಿವಿ ಹತ್ರ ಹೋಗೈತಿ."

"ತಿರುವಿನಾಗೆ ಹಂಗೇ ಹೋಗೋದು, ಸುಮ್ನೆ ಕುಂತ್ಕ."

ಅನಂತರ ಸಿಕ್ಕಾಸುರನೆಂಬ ದೈತ್ಯನು ಹಿಂದಲೆಯ ಗುಹೆಯಿಂದ ಎದ್ದು ಬಂದು ಬಾಚಣಿಗೆಯ ಎರಡು ಹಲ್ಲು ಮುರಿದನು. ಹೆಣೆದ ಜಡೆ ಎಣ್ಣೆಗೆ ಜಾರಿ ಬಿಚ್ಚಿತು, ಮತ್ತೆ ಹೆಣೆದರೆ ಮತ್ತೆ ಜಾರಿತು. ಹೊರಗೆ ಶಾಲೆಯ ಆಟೋ ಹಾರ್ನ್ ಮಾಡಿತು. ತಾನು ಸೋತರೆ ಹೆಂಡತಿ ಈ ಸಲವೂ ಬೇಡ ಅನ್ನುತ್ತಾಳೆಂದು ನೆನೆದು ಕೊಟ್ರೇಶನಿಗೆ ನಿಜಕ್ಕೂ ಹೆದರಿಕೆಯಾಯಿತು. ಆಗ ಅವನು ತನಗೆ ಗೊತ್ತಿದ್ದ ಏಕೈಕ ದಿವ್ಯಾಸ್ತ್ರವನ್ನು ಪ್ರಯೋಗಿಸಿದನು. ಮಣೆಗೆ ಮೊಣಕಾಲು ಊರಿ, ಹಲ್ಲು ಕಚ್ಚಿ, ಎರಡು ಜಡೆಗೂ ರಿಬ್ಬನ್ನಿನಲ್ಲಿ ತಾಡಪಾಲಿನ ಹಗ್ಗಕ್ಕೆ ಹಾಕುವ ಗಂಟನ್ನೇ ಹಾಕಿ ಬಿಗಿದನು.

"ಅಪ್ಪಾಜಿ, ಕಣ್ಣು ಮುಚ್ಚಾಕ್ ಬರ್ತಿಲ್ಲ."

"ಒಳ್ಳೇದಾತು, ಕ್ಲಾಸಿನಾಗೆ ನಿದ್ದಿ ಬರಲ್ಲ."

ಆಟೋ ಹೋಯಿತು. ಬೆವರಿಳಿದ ವಿಜೇತನು ಹೊಸ್ತಿಲ ಮೇಲೆ ಕುಸಿದನು. ಓಣಿಯವರಿಗೆ ಅಂಜಿದ್ದ ಹಾಲಮ್ಮನೇ ಈಗ ಓಣಿಗೆಲ್ಲ ಕೇಳುವಂತೆ, "ನಮ್ಮ ಕೊಟ್ರ ಮಗಳಿಗೆ ಜಡೆ ಹಾಕ್ಯಾನೆ," ಎಂದು ಸಾರಿದಳು. ಹೆಂಗಸರು ಬಂದು ನಿಂತರು. ಇಂಥ ಗಂಡ ಸಿಗಲು ವಿಶಾಲಾಕ್ಷಿ ಪುಣ್ಯ ಮಾಡಿರಬೇಕು ಎಂದರು. ಎದುರುಮನೆಯವರು ಒಂದು ತಟ್ಟೆ ಉಪ್ಪಿಟ್ಟು ಕಳಿಸಿದರು. ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲರು ಚಹಾ ಕುಡಿಸಿದರು.

ಇಲ್ಲಿ ನನಗೆ ಸಿಟ್ಟು ಬರುತ್ತದೆ, ನುಂಗಿಕೊಳ್ಳುವ ಮನಸ್ಸೂ ಇಲ್ಲ. ಮಗಳು ಅಂಗನವಾಡಿಗೆ ಹೋದ ಲಾಗಾಯ್ತು ಅದೇ ತಲೆಗೆ ವಿಶಾಲಾಕ್ಷಿ ದಿನಾ ಜಡೆ ಹಾಕಿದ್ದಳು, ಒಂದು ಕಣ್ಣು ಕುಕ್ಕರಿನ ಮೇಲಿಟ್ಟು, ಬಾಯಲ್ಲಿ ಪಿನ್ನು ಕಚ್ಚಿಕೊಂಡು. ಅವಳಿಗೆ ಯಾರೂ ಉಪ್ಪಿಟ್ಟು ಕಳಿಸಲಿಲ್ಲ. ಯಾವ ಕವಿಯೂ ವಾಗ್ದೇವಿಯನ್ನು ಕೂಗಿ ಎಬ್ಬಿಸಲಿಲ್ಲ.

ಸಂಜೆ ವಿಶಾಲಾಕ್ಷಿ ಮನೆಗೆ ಬಂದಾಗ ಸಿಂಚನಳ ಜಡೆಗಳು ಕದಲದೆ ನಿಂತಿದ್ದವು. ಕೊಟ್ರೇಶನು ಎದೆಯುಬ್ಬಿಸಿ ಗೋಡೆಗೆ ಒರಗಿದ್ದನು. ವಿಶಾಲಾಕ್ಷಿ ರಿಬ್ಬನ್ ಬಿಚ್ಚಲು ಕುಳಿತಳು. ಉಗುರಿಗೆ ಬರಲಿಲ್ಲ, ಹಲ್ಲಿಗೂ ಬರಲಿಲ್ಲ. ಕಟ್ಟಿದ ವೀರನೇ ಬಂದು ತುದಿ ಹಿಡಿದು ಎಳೆದನು. ಹಗ್ಗವಾಗಿದ್ದರೆ ಬಿಡುತ್ತಿತ್ತು. ಎಣ್ಣೆ ಕುಡಿದ ರಿಬ್ಬನ್ ಇನ್ನಷ್ಟು ಬಿಗಿಯಿತು, ಮಗಳು ಅಯ್ಯೋ ಎಂದಳು. ವಿಶಾಲಾಕ್ಷಿ ಹೊಲಿಗೆಯ ಕತ್ತರಿ ತಂದು ಎರಡು ಕಡೆಯೂ ರಿಬ್ಬನ್ ಕತ್ತರಿಸಿದಳು.

ಕೊಟ್ರೇಶ ನೆಲ ನೋಡುತ್ತ ಕೇಳಿದ, "ಹಂಗಾದ್ರೆ ಬ್ಯಾಡ ಅಂದು ಬಂದ್ಯೇನು?"

"ಬೆಳಿಗ್ಗೆ ಹೋದ್ ಕೂಡ್ಲೇ ಹೂಂ ಅಂದೆ."

"ಜಡೆ ಹೆಂಗಾತು ಅಂತ ನೋಡದೇನಾ?"

"ಹೆಂಗಾದ್ರೂ ಆಗ್ಲಿ ಅಂತ. ವಾರೆ ಜಡೆ ಹಾಕ್ಕೊಂಡು ಹೋದ್ರೆ ಸ್ಕೂಲಿಂದ ಓಡಿಸ್ತಾರಾ? ಹೋದ್ ವರ್ಷ ನಂಗಿದು ಹೊಳೀಲಿಲ್ಲ, ಅದಕ್ಕೇ ಹೊಟ್ಟೆ ಉರೀತೈತಿ."

ರಾಜ್ಯದ ಅಳಿವು ಉಳಿವು ನಿಂತಿದೆಯೆಂದು ಅವನು ಕಾದಿದ ಮಹಾಯುದ್ಧದ ತೀರ್ಪು, ಎಣ್ಣೆ ಬಾಟಲಿಯ ಮುಚ್ಚಳ ತೆಗೆಯುವ ಹೊತ್ತಿಗೇ ಆಗಿಹೋಗಿತ್ತು. ಆದರೂ ಕೊಟ್ರೇಶನಿಗೆ ಹಗುರಾಯಿತು.

"ಸದ್ಯ, ಮುಗೀತಲ್ಲ ಬಿಡು," ಎಂದ.

"ಏನು ಮುಗೀತು?"

"ಜಡೆ ಹಾಕೋದು."

ವಿಶಾಲಾಕ್ಷಿ ಅವನನ್ನೇ ನೋಡಿದಳು.

"ದಿನಾನಾ?" ಎಂದ ಕೊಟ್ರೇಶ, ಸಣ್ಣ ದನಿಯಲ್ಲಿ.

"ಕೂದ್ಲು ದಿನಾ ಇರ್ತಾವಲ್ರೀ."

ಕೊಟ್ರೇಶ ಚಪ್ಪಲಿ ಮೆಟ್ಟಿಕೊಂಡು, ಬೇರೆ ರಿಬ್ಬನ್ ತರಲು ಮೂಲೆ ಅಂಗಡಿಗೆ ಹೋದ.