ಸೀಟಿ ಸಾಹೇಬರ ಆಕಾಶ ಸಂಚಾರ

ಸೀಟಿ ಸಾಹೇಬರ ದುಃಖ ಇಷ್ಟೇ: ನಿವೃತ್ತರಾದ ಮೇಲೆ ಅವರು ಎತ್ತಿದ ಕೈಗೆ ಯಾರೂ ನಿಲ್ಲುತ್ತಿರಲಿಲ್ಲ.

ಅರ್ಧ ಆಯುಷ್ಯವನ್ನು ಅವರು ಊರಿನ ದೊಡ್ಡ ವೃತ್ತದ ನಡುವೆ, ಗುಂಡನೆಯ ಕಟ್ಟೆಯ ಮೇಲೆ, ಸಂಚಾರ ಪೊಲೀಸರಾಗಿ ನಿಂತು ಕಳೆದವರು. ಬಲಗೈ ಎತ್ತಿದರೆ ಲಾರಿಗಳು ನಿಲ್ಲುತ್ತಿದ್ದವು. ಎಡಗೈ ಬೀಸಿದರೆ ಬಸ್ಸುಗಳು ಹೊರಡುತ್ತಿದ್ದವು. ಸೀಟಿ ಊದಿದರೆ ಸ್ಕೂಟರಿನ ಮೇಲಿನ ಪ್ರೇಮಿಗಳು ಕೂಡ ಗೇಣು ದೂರ ಸರಿದು ಕೂರುತ್ತಿದ್ದರು. ಅಂಥ ಸಂಚಾರ ಸಾಮ್ರಾಜ್ಯದ ಚಕ್ರವರ್ತಿ ಈಗ ಮನೆಯಲ್ಲಿ ಕೈ ಎತ್ತಿದರೆ ಹೆಂಡತಿ, "ಕಂಕುಳ ಹತ್ರ ಹರಿದಿದೆಯಲ್ರೀ, ಆ ಅಂಗಿ ಬಿಚ್ಚಿಕೊಡಿ, ಹೊಲಿದುಕೊಡ್ತೀನಿ" ಎನ್ನುತ್ತಿದ್ದರು. ಬೀದಿಯ ಮಕ್ಕಳು ಅವರ ಎದುರಿಗೇ ಒಂದೇ ಸೈಕಲ್ಲಿನಲ್ಲಿ ಮೂರು ಜನ ಹೋಗುತ್ತ, "ಟಾಟಾ ತಾತಾ" ಎಂದು ಕೈಬೀಸುತ್ತಿದ್ದರು. ಒಟ್ಟಿನಲ್ಲಿ ಅವರ ಹಸ್ತಕ್ಕೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಹೀಗಿರುವಾಗ ನೆಂಟರ ಮದುವೆಯೊಂದರಲ್ಲಿ ಒಂದು ಅದ್ಭುತ ನಡೆಯಿತು. ಫೋಟೋ ತೆಗೆಯುವವನು ಒಂದು ಪುಟ್ಟ ಡ್ರೋನನ್ನು ಆಕಾಶಕ್ಕೆ ಹಾರಿಸಿದ್ದ. ಅದು ವಧೂವರರ ಸುತ್ತ ಝುಂಯ್ ಎಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಅವನು ಚಾಚಿದ ಅಂಗೈಯ ಮೇಲೆ ಸಾಕಿದ ಗಿಳಿಯ ಹಾಗೆ ಬಂದು ಕುಳಿತಿತು. ಊಟದ ಸಾಲಿನಲ್ಲಿದ್ದ ಸಾಹೇಬರು ತಟ್ಟೆಯನ್ನು ಹಾಗೇ ಹಿಡಿದುಕೊಂಡು ಕಲ್ಲಾದರು. ಈ ಕಲಿಗಾಲದಲ್ಲೂ ಕೈ ಚಾಚಿದರೆ ಮಾತು ಕೇಳುವ ಒಂದು ವಸ್ತು ಇದೆ!

"ನಾನೂ ಒಂದು ತಗೋತೀನಿ" ಎಂದರು ಮನೆಗೆ ಬಂದ ಮೇಲೆ.

"ಏನನ್ನ?"

"ಡ್ರೋನು."

ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ನಿಮಗೆ ಟೀವಿ ರಿಮೋಟಲ್ಲಿ ಸದ್ದು ಕಡಿಮೆ ಮಾಡೋಕೇ ಬರಲ್ಲ. ಆಕಾಶದಲ್ಲಿ ಏನು ಮಾಡ್ತೀರಿ?"

"ಅಲ್ಲಿ ಸದ್ದೇ ಇರಲ್ಲ ಕಣೇ."

ವಾದ ರಾತ್ರಿಯೂಟದವರೆಗೆ ನಡೆದು, ಒಂದು ಒಪ್ಪಂದದಲ್ಲಿ ಮುಗಿಯಿತು. ಡ್ರೋನು ಬರಬಹುದು. ಆದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವ ಗಡುವು ಮುಗಿಯುವ ತನಕ ಸಾಹೇಬರಿಗೆ ಪರೀಕ್ಷಾ ಕಾಲ. ಅಷ್ಟರೊಳಗೆ ಒಂದೇ ಒಂದು ನಿಯಮ ಮುರಿದರೂ ಅವರೇ ಸ್ವಹಸ್ತದಿಂದ ಡಬ್ಬ ಕಟ್ಟಿ ಹಿಂದಿರುಗಿಸತಕ್ಕದ್ದು. "ನಾನಾ? ನಿಯಮ ಮುರಿಯೋದಾ?" ಎಂದು ಸಾಹೇಬರು ನಕ್ಕರು. (ಕರ್ತವ್ಯದಲ್ಲಿದ್ದಾಗ ಸ್ವಂತ ಮಾವನ ಮೋಪೆಡ್ಡನ್ನೇ ತಡೆದು ದಂಡ ಹಾಕಿದ್ದ ಮನುಷ್ಯ. ಆ ವರ್ಷ ಅತ್ತೆಯ ಮನೆಯಲ್ಲಿ ಕಾಫಿಗೆ ಸಕ್ಕರೆ ಬೀಳಲಿಲ್ಲ.)

ಅಂಗಡಿಯವನು ಡ್ರೋನನ್ನು ಮೇಜಿನ ಮೇಲಿಟ್ಟು ಹಾರಾಟದ ನಿಯಮಗಳನ್ನು ಹೇಳತೊಡಗಿದ. ಹೆಸರು ನೋಂದಾಯಿಸಬೇಕು, ಡ್ರೋನಿನ ಮೈಮೇಲೆ ಆ ಸಂಖ್ಯೆ ಅಂಟಿಸಬೇಕು. ಹೇಳಿದ ಎತ್ತರ ಮೀರಬಾರದು. ಕಣ್ಣಳತೆಯಿಂದ ಆಚೆ ಕಳಿಸಬಾರದು. ಜನರ ತಲೆಯ ಮೇಲೆ ಹಾರಿಸಬಾರದು, ಜನರ ಹತ್ತಿರಕ್ಕೂ ತರಬಾರದು. ವಿಮಾನ ನಿಲ್ದಾಣದ ಕಡೆ ತಲೆ ಹಾಕಿ ಮಲಗುವುದೂ ಬೇಡ. ಉಳಿದ ಗಿರಾಕಿಗಳು ಆಕಳಿಸುವ ಘಟ್ಟ ಇದು. ಸಾಹೇಬರ ಕಣ್ಣಲ್ಲಿ ಮಾತ್ರ ಆನಂದಬಾಷ್ಪ! ಅದರ ಮೇಲೆ ಅಂಗಡಿಯವನು ಫೋನಿನಲ್ಲಿ ಭೂಪಟವೊಂದನ್ನು ತೆರೆದು, ಊರಿನ ಮೇಲಿನ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಭಾಗ ಮಾಡಿರುವುದನ್ನು ತೋರಿಸಿದಾಗ ಅವರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು.

"ಸಾಕಪ್ಪಾ, ಈ ಮೂರು ಬಣ್ಣದ ವಿಷಯ ನನಗೆ ಹೇಳಿಕೊಡಬೇಡ" ಎಂದು ಡಬ್ಬವನ್ನು ಎದೆಗವಚಿಕೊಂಡು ಹೊರಟೇಬಿಟ್ಟರು.

ಮರುದಿನ ಬೆಳಗ್ಗೆ ಸಾಹೇಬರು ಅಂಗಳದ ಸ್ಟೂಲಿನ ಮೇಲೆ ಕುಳಿತರು. ತೊಡೆಯ ಮೇಲೆ ಡ್ರೋನು, ಕೈಯಲ್ಲಿ ಫೋನು, ಕೊರಳಿನಿಂದ ಪಟ್ಟಿಯಲ್ಲಿ ಜೋತುಬಿದ್ದ ರಿಮೋಟು. ತಿಂಡಿಯ ಹೊತ್ತಾಯಿತು, ಏಳಲಿಲ್ಲ. ಬಿಸಿಲು ಅಂಗಳ ದಾಟಿ ಬಂದು ನೆತ್ತಿಗೇರಿತು, ಏಳಲಿಲ್ಲ.

"ಏನ್ರೀ, ಕಾವಿಗೆ ಕೂತ ಕೋಳಿ ಹಾಗೆ ಕೂತಿದೀರಿ? ಹಾರಿಸಲ್ವಾ?"

"ನಮ್ಮ ಮನೆ ಮೇಲೆ ಹಳದಿ ಬಿದ್ದಿದೆ. ಹಸಿರಾದ ತಕ್ಷಣ ಬಿಡ್ತೀನಿ."

ಹೆಂಡತಿ ಫೋನು ಇಸಿದುಕೊಂಡು ಹಳದಿಯ ಮೇಲೆ ಬೆರಳಿಟ್ಟು ಓದಿದರು. "ಹಳದಿ ಇರೋ ಕಡೆ ಮುಂಚೆ ಅನುಮತಿ ತಗೊಂಡು ಹಾರಿಸಬೇಕಂತೆ. ಇದು ಬಣ್ಣ ಬದಲಾಯಿಸೋ ದೀಪ ಅಲ್ಲ ರೀ, ಭೂಪಟ! ನೀವು ಮುಂದಿನ ವರ್ಷದ ತನಕ ಕೂತರೂ ಇದು ಹಳದಿಯೇ."

"ಇಷ್ಟೊತ್ತು ಹಳದಿ ಇಟ್ಟರೆ ಜನ ಸುಮ್ಮನಿರ್ತಾರಾ?" ಎಂದು ಗೊಣಗುತ್ತ ಸಾಹೇಬರು ಊಟಕ್ಕೆ ಎದ್ದರು.

ಹಸಿರು ಇದ್ದದ್ದು ನದಿಯಾಚೆಯ ಬಯಲಿನಲ್ಲಿ. ಸಂಜೆ ಗಂಡ ಹೆಂಡತಿ ಇಬ್ಬರೇ ಹೋದರು. ಡ್ರೋನು ಮೇಲೇರಿತು. ಸಾಹೇಬರು ಉಸಿರು ಬಿಗಿಹಿಡಿದು, ಎರಡೂ ಹೆಬ್ಬೆರಳುಗಳಿಂದ ರಿಮೋಟಿನ ಕಡ್ಡಿಗಳನ್ನು ತಳ್ಳಿದರು. ಅದು ಜೋರಾಗಿ ಮುಂದೆ ನುಗ್ಗಿತು. ಅದೇ ಹೊತ್ತಿಗೆ ಕಾಲುದಾರಿಯ ತಿರುವಿನಲ್ಲಿ ಒಬ್ಬ ಸೈಕಲ್ ಸವಾರ ಕಾಣಿಸಿಕೊಂಡ.

ಆಗ ಸಾಹೇಬರು ಮಾಡಿದ್ದನ್ನು ಲೋಕದಲ್ಲಿ ಬೇರಾವ ಡ್ರೋನುಧಾರಿಯೂ ಮಾಡಲಾರ. ರಿಮೋಟನ್ನು ಕೊರಳಿಗೇ ಬಿಟ್ಟು, ಎದೆ ಸೆಟೆಸಿ, ಬಲಗೈಯನ್ನು ಆಕಾಶಕ್ಕೆ ಎತ್ತಿ ಹಿಡಿದರು. ಮೈಯಲ್ಲಿ ಇಳಿದುಹೋದ ಅಭ್ಯಾಸ, ಏನು ಮಾಡುತ್ತೀರಿ?

ಡ್ರೋನು ನಿಂತಿತು. ಗಾಳಿಯಲ್ಲಿ, ಮೊಳೆ ಹೊಡೆದ ಹಾಗೆ, ಇದ್ದಲ್ಲೇ ನಿಂತಿತು.

"ನೋಡಿದೆಯಾ?" ಸಾಹೇಬರು ಎತ್ತಿದ ಕೈ ಇಳಿಸದೆಯೇ ಕೂಗಿದರು. "ನನ್ನ ಕೈಗೆ ನಿಂತಿತು ಕಣೇ!"

ಹೆಂಡತಿ ಡ್ರೋನನ್ನು ನೋಡಲಿಲ್ಲ. ಗಂಡನ ಮುಖವನ್ನೇ ನೋಡಿ, "ಹೌದು ರೀ, ನಿಂತಿತು" ಎಂದರು. (ನೀವು ಈಗಲೇ ನಗಬೇಡಿ. ಆಕೆ ನಗಲಿಲ್ಲ.)

ಮನೆ ಗೆದ್ದು ಮಾರು ಗೆಲ್ಲು ಎಂದಿದ್ದಾರೆ ಹಿರಿಯರು. ಸಾಹೇಬರಿಗೆ ಗೆಲ್ಲಬೇಕಾಗಿದ್ದ ಮಾರು ಎಂದರೆ ಅವರ ಷಡ್ಡಕರು. ಹೆಂಡತಿಯ ತಂಗಿಯ ಗಂಡ, ನಿವೃತ್ತ ಬ್ಯಾಂಕ್ ಮ್ಯಾನೇಜರು. "ಬಿಸಿಲಲ್ಲಿ ಕೈ ಬೀಸೋದೂ ಒಂದು ಕೆಲಸವೇ ಸಾಹೇಬ್ರೇ?" ಎಂದು ಪ್ರತಿ ಸಮಾರಂಭದಲ್ಲೂ ಚುಚ್ಚುವ ಪ್ರಾಣಿ. ಸಾಹೇಬರು ಅಂದೇ ಫೋನು ಮಾಡಿ, ಭಾನುವಾರ ಸಂಸಾರ ಸಮೇತ ಬಯಲಿಗೆ ಬರಬೇಕೆಂದು ಆಹ್ವಾನಿಸಿದರು.

ಭಾನುವಾರ ಮೊದಲನೆಯ ಪ್ರದರ್ಶನ ಭರ್ಜರಿಯಾಗಿ ನಡೆಯಿತು. ಡ್ರೋನು ಮರಗಳ ಸಾಲಿನ ಕಡೆ ಹಾರಿತು, ಸಾಹೇಬರು ಕೈ ಎತ್ತಿದರು, ಅದು ನಿಂತಿತು. ನಾದಿನಿ ಚಪ್ಪಾಳೆ ತಟ್ಟಿ, "ಭಾವಾ, ಅದಕ್ಕೆ ಏನು ತಿನ್ನೋಕೆ ಹಾಕ್ತೀರಿ?" ಎಂದಳು.

ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡರು. "ನಂಬೋ ಮಾತಲ್ಲ ಬಿಡಿ. ರಿಮೋಟಲ್ಲೇ ಏನೋ ಮಾಡಿದ್ರಿ."

ಕೆಣಕಿದಂತಾಯಿತು. "ಹಾಗಾದ್ರೆ ರಿಮೋಟು ನೀವೇ ಹಿಡ್ಕೊಳ್ಳಿ! ನಾನು ಅಲ್ಲಿ ನಿಲ್ತೀನಿ. ನನ್ನ ಕಡೆಗೇ ಓಡಿಸಿ. ಬರೀ ಕೈಯಲ್ಲಿ ನಿಲ್ಲಿಸ್ತೀನಿ."

"ರೀ, ಬೇಡ. ಅದು ಹಾಗಲ್ಲ..." ಎಂದು ಹೆಂಡತಿ ಮುಂದೆ ಬಂದರು. ಸಾಹೇಬರು ಆಕೆಯತ್ತ ಅಂಗೈ ತೋರಿಸಿದರು. ಆಕೆ ಪಾಪ, ಸುಮ್ಮನಾದರು. ಆ ಗೆಲುವೇ ಅವರಿಗೆ ತಲೆಗೇರಿರಬೇಕು.

ಮ್ಯಾನೇಜರದು ಜೀವಮಾನವೆಲ್ಲ ಠಸ್ಸೆ ಒತ್ತಿದ ಹೆಬ್ಬೆರಳು. ಒಮ್ಮೆ ಒತ್ತಿದರೆ ಬಿಡುವ ಜಾಯಮಾನವಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಎದೆಮಟ್ಟಕ್ಕೆ ತೂಗುತ್ತಿದ್ದ ಡ್ರೋನು ಝುಂಯ್ ಎಂದು ಹೊರಟಿತು. ಸಾಹೇಬರು ಕೈ ಎತ್ತಿದರು. ಅದು ಬಂತು. ಇನ್ನೂ ಎತ್ತರಕ್ಕೆ ಎತ್ತಿದರು. ಅದು ಬಂತು. ಎರಡೂ ಕೈ ಎತ್ತಿದರು. (ಇದು ಸಂಚಾರ ಪೊಲೀಸರ ಸಂಜ್ಞೆಯಲ್ಲ, ಶರಣಾಗತಿಯ ಸಂಜ್ಞೆ.) ಆಗಲೂ ಬಂತು! ಎದುರಿರುವುದನ್ನು ಕಂಡು ತಾನೇ ನಿಲ್ಲುವ ಕಣ್ಣು ದುಬಾರಿ ಡ್ರೋನುಗಳಿಗೆ ಇರುತ್ತದಂತೆ. ಸಾಹೇಬರದು ಮೊದಲನೆಯ ಡ್ರೋನು, ಬಡಪಾಯಿ.

ಚಕ್ರವರ್ತಿಗಳು ಓಡಿದರು. ಎಡಕ್ಕೆ ಓಡಿದರು, ಬಲಕ್ಕೆ ಓಡಿದರು. ಮ್ಯಾನೇಜರು ಗಾಬರಿಯಲ್ಲಿ ಕಡ್ಡಿಯನ್ನು ಯಾವ ಕಡೆ ತಿರುಗಿಸಿದರೂ ಅದು ಸಾಹೇಬರ ಕಡೆಗೇ ತಿರುಗುತ್ತಿತ್ತು. ಕೊನೆಗೆ ಸಾಹೇಬರು ನದಿಯಂಚಿನ ಕೆಸರಿನಲ್ಲಿ ಮಕಾಡೆ ಬಿದ್ದರು.

"ಕೈ ಬಿಡಿ! ಕಡ್ಡಿಯಿಂದ ಕೈ ತೆಗೀರಿ!" ಎಂದು ಹೆಂಡತಿ ಮ್ಯಾನೇಜರ ಮೇಲೆ ಕೂಗಿದರು.

ಮ್ಯಾನೇಜರು ಬೆದರಿ ಬೆರಳು ತೆಗೆದರು. ಡ್ರೋನು ಕೆಸರಿನ ಮೇಲೆ, ಸಾಹೇಬರಿಂದ ಒಂದು ಮೊಳ ಈಚೆ, ವಿನಯದಿಂದ ನಿಂತಿತು. ನಿಂತು, ಕ್ಯಾಮೆರಾದ ಕಣ್ಣಿನಿಂದ ಅವರನ್ನೇ ದಿಟ್ಟಿಸಿತು.

ಸಾಹೇಬರಿಗೆ ಎಲ್ಲವೂ ಅರ್ಥವಾಯಿತು. ಅವರು ಕೈ ಎತ್ತಿದ್ದಕ್ಕೆ ಅದು ನಿಲ್ಲುತ್ತಿರಲಿಲ್ಲ. ಕೈ ಎತ್ತಲೆಂದು ಕಡ್ಡಿ ಬಿಡುತ್ತಿದ್ದರಲ್ಲ, ಅದಕ್ಕೆ ನಿಲ್ಲುತ್ತಿತ್ತು. ಅವರು ತಂಟೆಗೆ ಹೋಗದೆ ಇದ್ದರೆ ಅದು ತನ್ನ ಪಾಡಿಗೆ ಸರಿಯಾಗಿಯೇ ಇರುತ್ತಿತ್ತು!

ಸಂಜೆ ಸ್ನಾನ ಮುಗಿಸಿ ಬಂದ ಸಾಹೇಬರು ಡ್ರೋನನ್ನು ಒರೆಸಿ, ಡಬ್ಬಕ್ಕೆ ಹಾಕತೊಡಗಿದರು.

"ಏನು ಮಾಡ್ತಿದೀರಿ?"

"ಮನುಷ್ಯರ ಹತ್ತಿರ ತರಬಾರದು ಅಂತ ನಿಯಮ. ನನ್ನ ಮೂಗಿನ ತನಕ ತರಿಸಿದವನು ನಾನೇ. ವಾಪಸು ಕೊಟ್ಟುಬಿಡ್ತೀನಿ." ರಿಮೋಟನ್ನೂ ಡಬ್ಬದೊಳಗಿಟ್ಟು ಕೇಳಿದರು: "ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಗೊತ್ತಾಯ್ತು. ನಾನು ನಿಮ್ಮ ಕೈ ನೋಡ್ತಿದ್ದೆನಲ್ಲ."

"ಮತ್ತೆ ಹೇಳಲಿಲ್ಲ?"

ಹೆಂಡತಿ ಸೆರಗಿನ ಅಂಚು ತಿರುವಿದರು. "ರಿಟೈರಾದ ಮೇಲೆ ಅವತ್ತೇ ನಿಮ್ಮ ಮುಖ ಅರಳಿದ್ದು. ಹೇಗೆ ಹೇಳಲಿ?"

ಸಾಹೇಬರು ಮುಚ್ಚಳಕ್ಕೆ ಹಚ್ಚಲೆಂದು ಅಂಟುಪಟ್ಟಿಯ ಸುರುಳಿ ಹಿಡಿದು ಬಹಳ ಹೊತ್ತು ಅದರ ಕೊನೆ ಹುಡುಕಿದರು. ಕೊನೆ ಸಿಗಲಿಲ್ಲ. ಹೆಂಡತಿ ಡಬ್ಬವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇದು ಎಲ್ಲಿಗೂ ಹೋಗಲ್ಲ. ತಪ್ಪು ಡ್ರೋನಿನದಲ್ಲ, ಸವಾರನದು. ನಿಮ್ಮ ಪರವಾನಗಿ ಅಮಾನತು."

"ಹಾಗಾದ್ರೆ ಹಾರಿಸೋರು ಯಾರು?"

"ನಾನು ಇದೀನಲ್ಲ. ನಾಳೆನೇ ನನ್ನ ಹೆಸರೂ ನೋಂದಾಯಿಸಿ."

"ನಾನೇನು ಮಾಡಲಿ?"

"ನೆಲ ನೋಡ್ಕೊಳ್ಳಿ. ಜನ ಹತ್ತಿರ ಬರಬಾರದು ಅಂತ ನಿಯಮ ಇದೆಯಲ್ಲ, ತಡೆಯೋರು ಒಬ್ಬರು ಬೇಡವಾ?"

ಮುಂದಿನ ಭಾನುವಾರ ಹೆಂಡತಿ ಬಯಲಿನ ನಡುವೆ ನಿಂತು ಡ್ರೋನನ್ನು ಮೇಲಕ್ಕೆ ಬಿಟ್ಟರು. ಅದು ನದಿಯ ಮೇಲೆ ಹದ್ದಿನ ಹಾಗೆ ಹಾಯಾಗಿ ತೇಲಿತು. ಸಾಹೇಬರು ದೂರದ ಕಾಲುದಾರಿಗೆ ಅಡ್ಡಲಾಗಿ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಬಲಗೈ ಎತ್ತಿ ನಿಂತರು. ವಾಕಿಂಗಿನವರು ಬಂದರು, ನಿಂತರು. ಓಡುತ್ತಿದ್ದವನೊಬ್ಬ ನಿಂತ. ನಾಯಿಯನ್ನು ಕರೆದುಕೊಂಡು ಬಂದ ಹೆಂಗಸೂ ನಿಂತಳು. ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ. ಸಾಹೇಬರ ಎದೆ ಉಬ್ಬಿತು, ಕಣ್ಣು ತೇವವಾಯಿತು.

ಆಮೇಲೆ ಅವರು ಜನರ ಮುಖಗಳನ್ನು ನೋಡಿದರು. ಎಲ್ಲರೂ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದರು. "ಆ ಅಜ್ಜಿ ಎಷ್ಟು ಚೆನ್ನಾಗಿ ಹಾರಿಸ್ತಾರೆ!" ಎಂದ ಓಡುತ್ತಿದ್ದವನು, ಸಾಹೇಬರ ಭುಜದ ಮೇಲಿಂದ ಕತ್ತು ಚಾಚಿ. ಅವರ ಅಂಗೈಯನ್ನು ತದೇಕಚಿತ್ತದಿಂದ ನೋಡುತ್ತಿದ್ದದ್ದು ಆ ನಾಯಿ ಒಂದೇ, ಅದರಲ್ಲಿ ಬಿಸ್ಕತ್ತು ಇರಬಹುದೆಂಬ ದೃಢ ನಂಬಿಕೆಯಿಂದ.

ಸಾಹೇಬರು ಕೈ ಇಳಿಸಲಿಲ್ಲ.