ಎಡಗಡೆ ಸ್ಟೇರಿಂಗಿನ ಗಾಡಿ

ಎಲ್ಲ ರಗಳೆಗೂ ಮೂಲ ಒಂದು ಸ್ಟೇರಿಂಗು. ಅದು ಇರಬೇಕಾದ ಕಡೆ ಇರಲಿಲ್ಲ, ಅಷ್ಟೇ.

ಮಧುಗಿರಿಯ ಕಡಲೇಕಾಯಿ ಮಂಡಿ ಪರ್ವತಯ್ಯನವರಿಗೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಒಂದು ಅಮೆರಿಕದ ಕಾರಿನ ಮೇಲೆ ಮನಸ್ಸಾಯಿತು. ಕಾರೆಂದರೆ ಊರಿನ ಡಾಕ್ಟರರ ಅಂಬಾಸಿಡರಿನಂಥದ್ದಲ್ಲ. ಸ್ಟೇಷನ್ ವ್ಯಾಗನ್! ಹಿಂದೆ ಡಿಕ್ಕಿ ಇರಬೇಕಾದ ಕಡೆ ಒಂದು ಕೋಣೆಯೇ ಇತ್ತು. ಪಕ್ಕಗಳಿಗೆ ಮರದ ಹಲಗೆ, ಮುಂದೆ ಮೂರು ಜನ ಆರಾಮಾಗಿ ಕೂರುವಂಥ ಒಂದೇ ಉದ್ದನೆಯ ಸೀಟು. ಬೆಂಗಳೂರಿನಲ್ಲಿ ಯಾವನೋ ಅಮೆರಿಕದ ದೊರೆ ದೇಶ ಬಿಡುವಾಗ ಬಿಟ್ಟುಹೋದ ಗಾಡಿ. ಹನ್ನೆರಡು ವರ್ಷ ಯಾರದೋ ಶೆಡ್ಡಿನಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟುಕೊಂಡು ನಿಂತಿತ್ತು. ಪರ್ವತಯ್ಯನವರು ಅದನ್ನು ಒಂದು ಸಲ ನೋಡಿದ್ದೇ ತಡ, ಊಟ ಸೇರದಂತಾಗಿ, ಲಾರಿಗೆ ಕಟ್ಟಿ ಎಳೆದು ತಂದರು.

ತಂದಮೇಲೆ ಹೊಸಕಾಲಕ್ಕೆ ತಕ್ಕಂತೆ ಮಾಡಿಸಬೇಡವೇ? ಶಿರಾದಿಂದ ಪ್ಯಾರೇಜಾನ್ ಮೇಸ್ತ್ರಿ ಬಂದ. ಜೀಪಿನ ಡೀಸೆಲ್ ಇಂಜಿನ್ ಕೂರಿಸಿದ. ಲಾರಿಯ ಹಾರನ್ನು, ಬಸ್ಸಿನ ದೀಪ, ತುಮಕೂರಿನ ರೆಕ್ಸಿನ್ನು ಎಲ್ಲ ಬಂದವು. ಹಲಗೆಗಳಿಗೆ ಬೀರುವಿಗೆ ಹಚ್ಚುವ ಪಾಲೀಶು ಹಚ್ಚಿಸಿದ್ದಾಯಿತು.

"ಸಾಬ್, ಸ್ಟೇರಿಂಗ್ ಒಂದು ಬಲಗಡೆ ಹಾಕ್‌ಬುಡ್ತೀನಿ. ಎಂಟು ದಿನದ ಕಾಮ್" ಎಂದ ಮೇಸ್ತ್ರಿ.

ಪರ್ವತಯ್ಯನವರಿಗೆ ರೇಗಿತು. "ಏನಯ್ಯಾ ನೀನು! ಒಳಗಿರೋದೆಲ್ಲ ಶಿರಾದ್ದು, ತುಮಕೂರಿಂದು. ಅಮೆರಿಕದ್ದು ಅಂತ ಉಳಿದಿರೋದೇ ಅದೊಂದು. ಅದನ್ನೂ ಕಿತ್ತಾಕ್ತೀಯಾ?"

ಮೇಸ್ತ್ರಿ ಸುಮ್ಮನಾದ. ಸುಮ್ಮನಾಗದವರು ಪರ್ವತಯ್ಯನವರ ಹೆಂಡತಿ ಇಂದ್ರಮ್ಮ. ಏಳು ತಿಂಗಳಿಂದ ಆಕೆಯ ಅಂಗಳದಲ್ಲಿ ರಂಗೋಲಿ ಹಾಕಲು ಜಾಗವಿಲ್ಲ, ಹಪ್ಪಳ ಒಣಗಿಸಲು ಬಿಸಿಲಿಲ್ಲ.

"ನೋಡ್ರೀ, ನಾಳೆ ಕೊಳಾಲದಲ್ಲಿ ನನ್ನ ತಮ್ಮನ ಗೃಹಪ್ರವೇಶ. ಹನ್ನೊಂದು ಗಂಟೆಗೆ ಮನೆಮಗಳಾಗಿ ನಾನು ಹಾಲುಕ್ಕಿಸಬೇಕು. ಈ ನಿಮ್ಮ ಬಂಡಿ ಅಷ್ಟೊತ್ತಿಗೆ ನನ್ನ ಅಲ್ಲಿಗೆ ಮುಟ್ಟಿಸ್ತೋ ಸರಿ. ಇಲ್ವೋ, ನಾಡಿದ್ದು ಗುಜರಿಯೋನು ಬರ್ತಾನೆ. ನಾನೇ ಹೇಳಿಕಳ್ಸಿದೀನಿ."

ಇಂದ್ರಮ್ಮ ಹೇಳಿದ ಮೇಲೆ ಮುಗಿಯಿತು. ಪರ್ವತಯ್ಯನವರು ಆ ರಾತ್ರಿ ದೇವರಿಗೂ ಇಂಜಿನ್ನಿಗೂ ಒಟ್ಟಿಗೇ ಕೈಮುಗಿದು ಮಲಗಿದರು.

ಬೆಳಿಗ್ಗೆ ಎಂಟಕ್ಕೆ ಗಾಡಿ ಹೊರಟಿತು. ಪರ್ವತಯ್ಯನವರು ಜರಿಪೇಟ ಸುತ್ತಿಕೊಂಡು ಎಡಗಡೆ ಸ್ಟೇರಿಂಗ್ ಹಿಡಿದರು. ಇಂದ್ರಮ್ಮ ಬಲಗಡೆ ಕಿಟಕಿಗೆ ಕೂತರು. ಊರೆಲ್ಲ ತಮ್ಮನ್ನೇ ನೋಡಲಿ ಎಂದು ಪರ್ವತಯ್ಯನವರು ಬೇಕೆಂದೇ ಪೇಟೆಬೀದಿಯಲ್ಲಿ ನಿಧಾನ ಮಾಡಿದರು. ಊರು ನೋಡಿತು. ಆದರೆ ಅವರನ್ನಲ್ಲ.

"ಅಯ್ಯಯ್ಯೋ, ಇಂದ್ರಮ್ಮನೋರೇ! ಯಾವಾಗ್ರೀ ಕಲ್ತ್ರಿ ಕಾರು ಓಡ್ಸೋದು?" ಎದುರುಮನೆ ಕಮಲಾಕ್ಷಮ್ಮ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಓಡಿಬಂದರು.

"ನಾನೆಲ್ರೀ ಓಡಿಸ್ತಿದೀನಿ!" ಎಂದು ಇಂದ್ರಮ್ಮ ನಾಚಿ ಸೆರಗು ಹೊದ್ದುಕೊಂಡರು. ಕಮಲಾಕ್ಷಮ್ಮ ಕೇಳಿಸಿಕೊಳ್ಳಲಿಲ್ಲ. ಆಗಲೇ ಮೂರನೇ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರ ಪೊಲೀಸ್ ಬೋರಯ್ಯ ಕೈ ಅಡ್ಡ ಹಾಕಿದ. ನೇರ ಬಲಗಡೆ ಕಿಟಕಿಗೆ ಬಂದು, "ಲೈಸೆನ್ಸ್ ತೆಗೀರಿ ತಾಯಿ" ಎಂದ.

"ಇಲ್ಲಿದೆ ಕಣಯ್ಯಾ, ನನ್ನ ಹತ್ರ" ಎಂದು ಪರ್ವತಯ್ಯನವರು ಎಡಗಡೆಯಿಂದ ಕೂಗಿದರು.

"ಸ್ವಾಮಿ, ನೀವು ವಸಿ ಸುಮ್ಕಿರಿ. ನಾನು ಡ್ರೈವರ್ನ ಮಾತಾಡಿಸ್ತಾ ಇವ್ನಿ." ಬೋರಯ್ಯ ಬಗ್ಗಿ ಇಂದ್ರಮ್ಮನ ಮುಂದೆ ನೋಡಿದ. ಅಲ್ಲಿ ಒಂದು ಬುಟ್ಟಿ ಎಲೆಅಡಿಕೆ ಬಿಟ್ಟರೆ ಏನೂ ಇರಲಿಲ್ಲ. "ಇದೇನು ತಾಯಿ, ಸ್ಟೇರಿಂಗೇ ಬಿಚ್ಚಿಟ್ಬುಟ್ಟಿದೀರಾ?"

ಅವನಿಗೆ ಅಮೆರಿಕದ ಪದ್ಧತಿ ತಿಳಿಸುವಷ್ಟರಲ್ಲಿ ಅರ್ಧಗಂಟೆ ಹೋಯಿತು. ಕೊನೆಗೂ ಅವನು ಸೆಲ್ಯೂಟು ಹೊಡೆದದ್ದು ಇಂದ್ರಮ್ಮನಿಗೇ.

ಊರು ದಾಟಿದ ಮೇಲೆ ಇನ್ನೊಂದು ಫಜೀತಿ. ಮುಂದೆ ಹುಲ್ಲಿನ ಗಾಡಿ. ಎಡಕ್ಕೆ ಕೂತ ಪರ್ವತಯ್ಯನವರಿಗೆ ಹುಲ್ಲು ಬಿಟ್ಟು ಬೇರೇನೂ ಕಾಣದು. ಎದುರಿಗೆ ಬಸ್ಸು ಬಂತೋ ಲಾರಿ ಬಂತೋ ಆ ಶಿವನಿಗೇ ಗೊತ್ತು. ಎರಡು ಮೈಲಿ ಎತ್ತುಗಳ ಹೆಜ್ಜೆಗೆ ಹೆಜ್ಜೆ ಹಾಕಿದರು. ಗಂಟೆ ಒಂಬತ್ತೂವರೆಯಾಯಿತು.

"ಲೇ, ಸ್ವಲ್ಪ ಬಗ್ಗಿ ನೋಡಿ ಹೇಳೇ, ರಸ್ತೆ ಖಾಲಿ ಐತಾ?"

ಇಂದ್ರಮ್ಮ ಕಿಟಕಿಯಿಂದ ತಲೆ ಹೊರಹಾಕಿದರು. "ಬಸ್ ಬರ್ತೈತೆ. ತಡೀರಿ... ಇನ್ನೂ ತಡೀರಿ ಅಂದ್ರೆ! ಹಾಂ, ಈಗ ಹೋಗಿ, ಬೇಗ ಬೇಗ!"

ವ್ಯಾಗನ್ ಹುಲ್ಲಿನ ಗಾಡಿ ದಾಟಿ ಮುಂದೆ ಹೋಯಿತು. ಇಂದ್ರಮ್ಮನ ಮುಖದಲ್ಲಿ ಏನೋ ಒಂದು ಕಳೆ ಬಂತು. ಮುಂದಿನ ಹುಲ್ಲಿನ ಗಾಡಿಗೆ ಅವರೇ ಕಾಯುತ್ತಿದ್ದರು. ಕೊರಟಗೆರೆ ದಾಟುವಷ್ಟರಲ್ಲಿ ಬಲಗೈ ಚಾಚಿ ಹಿಂದಿನ ಲಾರಿಗಳಿಗೆ ಸನ್ನೆ ಮಾಡುವುದೂ ರೂಢಿಯಾಯಿತು. ಸೆರಗು ಯಾವಾಗಲೋ ತಲೆಯಿಂದ ಜಾರಿತ್ತು.

ಕೊಳಾಲಕ್ಕೆ ಇನ್ನು ಮೂರು ಮೈಲಿ ಅನ್ನುವಾಗ, ಹತ್ತೂಕಾಲಿಗೆ, ಏರಿನಲ್ಲಿ ಇಂಜಿನ್ ಬುಸ್ಸೆಂದು ಹೊಗೆ ಬಿಟ್ಟು ನಿಂತಿತು. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹತ್ತು ಹೆಂಗಸರು ಓಡಿಬಂದರು.

"ಬರ್ರೇ, ಹೆಣ್ಮಗ್ಳು ಕಾರು ಓಡ್ಸ್ಕೊಂಡು ಬಂದವ್ಳೆ ಕಣ್ರೇ!" ಎಂದಳು ಮುಂದಿದ್ದ ಕರಿಯಕ್ಕ. "ಅಕ್ಕಯ್ಯಾ, ಹೆದರ್ಕಬ್ಯಾಡ, ನಾವು ತಳ್ತೀವಿ." ಇಂಜಿನ್ನಿಗೆ ನೀರು ತಂದು ಸುರಿದವಳೂ ಅವಳೇ. ಸುರಿದು ತಿರುಗಿದವಳ ಕಣ್ಣಿಗೆ ಜರಿಪೇಟ ಬಿತ್ತು. "ಇದ್ಯಾವ್ ಸೀಮೆ ಗಂಡಸಯ್ಯಾ ನೀನು? ಹೆಂಡ್ರು ಗಾಡಿ ಓಡಿಸ್ಬೇಕು, ಹೆಂಗಸ್ರು ಗಾಡಿ ತಳ್ಬೇಕು, ನೀನು ಗಣಪತಿ ಕುಂತಂಗೆ ಕುಂತೀಯಾ? ಇಳಿ, ಇಳಿ!"

"ನಾನೇ ಡ್ರೈವರು ಕಣಮ್ಮಾ!"

"ಸುಳ್ಳು ಬ್ಯಾರೆ ಹೇಳ್ತಾನೆ!" ಎಂದು ಬಾಗಿಲು ತೆಗೆದು ತೋಳು ಹಿಡಿದು ಇಳಿಸಿಯೇಬಿಟ್ಟಳು. ಹತ್ತು ಹೆಂಗಸರ ಮುಂದೆ ಪರ್ವತಯ್ಯನವರದು ಏನು ನಡೆಯುತ್ತದೆ? ಪೇಟ ಸರಿಮಾಡಿಕೊಂಡು ತಾವೂ ತಳ್ಳಿದರು. ಸ್ಟೇರಿಂಗ್ ಹಿಡಿಯುವವರಿಲ್ಲದ ಅಮೆರಿಕದ ಗಾಡಿ ಅಲ್ಲಾಡಿಕೊಂಡು ರಸ್ತೆ ಬಿಟ್ಟು, ಇಂದ್ರಮ್ಮನ ಕೂಗಿನ ಸಮೇತ ಹೊಲದ ಬಣವೆಗೆ ಮೂತಿ ತೂರಿಸಿ ನಿಂತಿತು.

ಹಿಂದಕ್ಕೆ ಎಳೆದು, ರಸ್ತೆಗೆ ತಂದು, ಆ ಹೆಂಗಸರ ಕೈಕಾಲು ಹಿಡಿದು ಪರ್ವತಯ್ಯನವರು ಮತ್ತೆ ಒಳಗೆ ಕೂತು, ಇನ್ನೊಮ್ಮೆ ತಳ್ಳಿಸಿಕೊಂಡಾಗ ಇಂಜಿನ್ ಸ್ಟಾರ್ಟಾಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪಾಲೀಶು ಹೋದ ಹಲಗೆಯ, ಮೂತಿಗೆ ಹುಲ್ಲು ಸಿಕ್ಕಿಸಿಕೊಂಡ ಸ್ಟೇಷನ್ ವ್ಯಾಗನ್ ಕೊಳಾಲದ ಹೊಸಮನೆ ಮುಂದೆ ನಿಂತಿತು. ಗೆದ್ದೆ ಎಂದುಕೊಂಡ ಪರ್ವತಯ್ಯನವರ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಸೈಕಲ್ಲಿನವರು, ಬಸ್ಸಿನವರು ಸುದ್ದಿ ಮುಟ್ಟಿಸಿಯಾಗಿತ್ತು. ತಮ್ಮ ನಂದೀಶ್ವರಯ್ಯ ಹಾರ ಹಿಡಿದು ಓಡಿಬಂದು ಅಕ್ಕನ ಕೊರಳಿಗೆ ಹಾಕಿದ. "ಅಕ್ಕಾ, ನಮ್ಮ ವಂಶದಲ್ಲೇ ಯಾರೂ ಕಾರು ಮುಟ್ಟಿರ್ಲಿಲ್ಲ. ನೀನು ಓಡ್ಸ್ಕೊಂಡೇ ಬಂದ್ಬುಟ್ಟೆಯಲ್ಲ!"

ಇಂದ್ರಮ್ಮ ಬಾಯಿ ತೆರೆದರು. ಹಾರ ಘಮಘಮ ಅನ್ನುತ್ತಿತ್ತು. ಬಾಯಿ ಮುಚ್ಚಿಕೊಂಡರು.

ಪರ್ವತಯ್ಯನವರು ಬಿಡಲಿಲ್ಲ. ಊರಿನವರನ್ನು ಕರೆದು ಬಾಗಿಲು ತೆಗೆದು ತೋರಿಸಿದರು. "ನೋಡ್ರಪ್ಪಾ ಕಣ್ಣುಬಿಟ್ಟು! ಸ್ಟೇರಿಂಗ್ ಎಲ್ಲೈತೆ? ನಾನು ಕೂತಿದ್ದ ಕಡೆ ತಾನೇ?"

ಜನ ಗೊಂದಲಕ್ಕೆ ಬಿದ್ದರು. ಆಗ ರಿಟೈರಾದ ಪೋಸ್ಟ್‌ಮಾಸ್ಟರ್ ಜಯರಾಮಯ್ಯ ಕನ್ನಡಕ ಏರಿಸಿ ತೀರ್ಪು ಕೊಟ್ಟರು. "ಹುಲ್ಲಿನ ಗಾಡಿ ಹತ್ರ ಇವ್ರ ಹಿಂದೇನೇ ಬಂದ ಬಸ್ಸಲ್ಲಿ ನಾನೇ ಇದ್ನಲ್ಲಯ್ಯ. ನಿಲ್ಲು ಅಂದೋರು ಅವ್ರು, ಹೋಗು ಅಂದೋರು ಅವ್ರು, ಕೈ ತೋರಿಸ್ದೋರು ಅವ್ರು. ಅಮೆರಿಕದಲ್ಲಿ ಓಡ್ಸೋರು ಬೇರೆ, ಚಕ್ರ ಹಿಡ್ಕೊಳ್ಳೋರು ಬೇರೆ. ಈ ಯಜಮಾನ್ರು ಹಿಡ್ಕೊಂಡಿದ್ರು, ಅಷ್ಟೇಯ."

ಎಲ್ಲರಿಗೂ ಅದು ಸರಿಯೆನಿಸಿತು. ಹಾಲು ಹನ್ನೊಂದಕ್ಕೆ ಸರಿಯಾಗಿ ಉಕ್ಕಿತು. ಊಟಕ್ಕೆ ಬಂದಿದ್ದ ಕೊರಟಗೆರೆ ಮಹಿಳಾ ಸಮಾಜದವರು, ಬರುವ ಸೋಮವಾರ ತಮ್ಮಲ್ಲಿಗೆ ಬಂದು ಮೋಟಾರು ವಿದ್ಯೆಯ ಬಗ್ಗೆ ಎರಡು ಮಾತಾಡಬೇಕೆಂದು ಇಂದ್ರಮ್ಮನನ್ನು ಕೇಳಿಕೊಂಡರು. ಇಂದ್ರಮ್ಮ ಒಪ್ಪಿಕೊಂಡರು.

ಸಂಜೆ ಮನೆ ಸೇರಿದಾಗ ಗಾಡಿ ಹೇಗೆ ಓಡಿತೆಂದು ಕೇಳಲು ಪ್ಯಾರೇಜಾನ್ ಮೇಸ್ತ್ರಿ ಜಗಲಿಯ ಮೇಲೆ ಕಾಯುತ್ತಿದ್ದ. ಪರ್ವತಯ್ಯನವರು ಹೆಂಡತಿಯ ಮುಖ ನೋಡಿದರು. "ಟೈಮಿಗೆ ಮುಟ್ಟಿಸ್ದೆ. ಗುಜರಿಯೋನಿಗೆ ಏನು ಹೇಳ್ಲಿ?"

"ಬರಬೇಡ ಅನ್ನಿ. ಇಂಥ ಗಾಡಿ ಯಾರಾದ್ರೂ ಗುಜರಿಗೆ ಹಾಕ್ತಾರಾ?"

ಪರ್ವತಯ್ಯನವರು ಗೆದ್ದ ಸಂತೋಷಕ್ಕೆ ಮೇಸ್ತ್ರಿಯನ್ನು ತಬ್ಬಿಕೊಂಡರು. ಇಂದ್ರಮ್ಮ ಕೊರಳ ಹಾರ ಸರಿಮಾಡಿಕೊಂಡು ಮೇಸ್ತ್ರಿಯ ಕಡೆ ತಿರುಗಿದರು. "ಮೇಸ್ತ್ರೀ, ಸೋಮವಾರದೊಳಗೆ ನನ್ನ ಕಡೆ ಒಂದು ಸ್ಟೇರಿಂಗ್ ಹಾಕ್ಕೊಡಪ್ಪಾ. ಅದರಿಂದ ಗಾಡಿ ತಿರುಗಬೇಕು ಅಂತೇನಿಲ್ಲ. ನೋಡೋಕೆ ದೊಡ್ಡದಾಗಿರ್ಲಿ."

"ಮತ್ತೆ ನಂದು?" ಎಂದರು ಪರ್ವತಯ್ಯನವರು.

"ನಿಮ್ದು ಇರ್ಲಿ, ಅದಿಲ್ದೆ ಗಾಡಿ ಹೋಗಲ್ವಲ್ಲ." ಇಂದ್ರಮ್ಮ ಒಳಗೆ ಹೋಗುತ್ತಾ ಹೇಳಿದರು. "ಮೇಸ್ತ್ರೀ, ಅವರ ಸೀಟು ಮಾತ್ರ ಒಂದು ಮೊಳ ಕೆಳಗಿಳಿಸ್ಬುಡು. ಹೊರಗಿನೋರಿಗೆ ತಲೆ ಕಾಣಬಾರ್ದು."