ನಿಂಗಣ್ಣನ ಗಾಳಕ್ಕೆ ನಾನು ಮಾಡಿಸಿದ ಹಿಡಿ

ಮೇ ನಾಲ್ಕು, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಕೋಲು' ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ನೇರವಾಗಿ ಬಂತು. ಮುಂದಿನ ನಾಲ್ಕು ವಾರಗಳಲ್ಲಿ ನನ್ನ ಕೈಯಿಂದ ನೇರವಾಗಿ ಬಂದದ್ದು ಅದೊಂದೇ.

ಕೋಲು ಎಂದರೆ ಮೀನು ಹಿಡಿಯುವ ಕೋಲು. ಆದರೆ ಹಾಗೆಂದು ಬರೆಯುವಂತಿರಲಿಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರ. ಮೀನು ಹಾಗಿರಲಿ, ಆ ಪದವೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಮ್ಮ ನನ್ನ ನೋಟ್‌ಬುಕ್ಕುಗಳನ್ನು ಓದುವುದಿಲ್ಲ ಎನ್ನುತ್ತಾರೆ. ಆದರೆ ಅದರಲ್ಲಿನ ಕಾಗುಣಿತದ ತಪ್ಪುಗಳನ್ನು ಆಗಾಗ ತಿದ್ದಿಸುತ್ತಾರೆ.

ನಾನು ಜಾವಗಲ್ಲಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಅಲ್ಲಿನ ಅಟೆಂಡರ್ ನಿಂಗಣ್ಣ ಮೇ 31ಕ್ಕೆ ನಿವೃತ್ತರಾಗುವವರಿದ್ದರು. ಹಳೇಬೀಡಿನವರು. ಭಾನುವಾರ ಬಂತೆಂದರೆ ಕೆರೆಯ ದಡದಲ್ಲಿ ಗಾಳ ಹಾಕಿ ಕೂರುತ್ತಿದ್ದವರು. ಎರಡು ವರ್ಷದ ಹಿಂದೆ ಲಾರಿಯ ಬಾಗಿಲಿಗೆ ಸಿಕ್ಕಿ ಬಲಗೈ ಹೆಬ್ಬೆರಳು ಮಡಿಸಲು ಬಾರದಂತಾಯಿತು. ಅಂದಿನಿಂದ ಕೋಲು ಕೈಯಲ್ಲಿ ತಿರುಗಿಬಿಡುತ್ತದೆಂದು ಗಾಳವನ್ನು ಅಟ್ಟಕ್ಕೆ ಹಾಕಿದ್ದರು. ಭಾನುವಾರಗಳಂದು ಏನು ಮಾಡುತ್ತೀರಿ ಎಂದರೆ "ಸೋಮವಾರಕ್ಕೆ ಕಾಯ್ತೀನಿ ಸಾರ್" ಎನ್ನುತ್ತಿದ್ದರು. ಇನ್ನು ಸೋಮವಾರಗಳೂ ಇರುವುದಿಲ್ಲವಲ್ಲ!

ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಡುವುದೆಂದು ಎಲ್ಲರೂ ತೀರ್ಮಾನಿಸಿದ್ದಾಗ ನಾನು ಎದ್ದು ನಿಂತೆ. "ಅವರ ಕೈಗೇ ಹೊಂದುವ ಹಿಡಿಯಿರುವ ಕೋಲನ್ನು ನಾನು ಮಾಡಿಸುತ್ತೇನೆ" ಎಂದೆ.

ಲೆಕ್ಕಪತ್ರ ನೋಡುವ ಭಾಗ್ಯಕ್ಕ ಕನ್ನಡಕ ಇಳಿಸಿ ಕೇಳಿದರು: "ನೀನು ಯಾವತ್ತಾದ್ರೂ ಮೀನು ಹಿಡಿದಿದ್ದೀಯೇನೋ?"

"ಇಲ್ಲ."

"ನೋಡಿದ್ದೀಯಾ?"

"ಚಿತ್ರದಲ್ಲಿ ನೋಡಿದ್ದೀನಿ."

"ಸರಿ, ಗಡಿಯಾರ ಬೇಡ ಬಿಡಿ" ಎಂದರು ಭಾಗ್ಯಕ್ಕ. ಅವರ ಧ್ವನಿಯಲ್ಲಿದ್ದದ್ದು ಒಪ್ಪಿಗೆಯಲ್ಲ ಎಂದು ಈಗ ಹೊಳೆಯುತ್ತಿದೆ.

ನೋಟ್‌ಬುಕ್ ತೆರೆದ ಆ ಭಾನುವಾರ ಮಧ್ಯಾಹ್ನದೊಳಗೆ ಹದಿನೇಳು ಅಂಶಗಳ ವಿನ್ಯಾಸ ಸಿದ್ಧವಾಯಿತು. ಅಂಶ ಒಂದು: ಬಲಗೈಗೆ ಹೊಂದುವ ಹಿಡಿ, ಮಡಿಸದ ಹೆಬ್ಬೆರಳು ನೆಟ್ಟಗೆ ಮಲಗಲು ಒಂದು ತೋಡು, ಉಳಿದ ಬೆರಳುಗಳಿಗೆ ನಾಲ್ಕು. ಉಳಿದ ಹದಿನಾರು ಅಂಶಗಳು ದಾರ ಸುತ್ತುವ ರೀಲು, ಅದನ್ನು ಬಿಗಿಯುವ ಪಟ್ಟಿ, ದಾರ ಹಾಯುವ ಆರು ಉಂಗುರ, ಇತ್ಯಾದಿ.

ಮೇ ಐದು, ಸೋಮವಾರ. ಉಡುಗೊರೆ ಗುಟ್ಟಾಗಿರಬೇಕಿತ್ತು. ಆದ್ದರಿಂದ ಅಳತೆಗೆ ಒಂದು ಉಪಾಯ ಹೂಡಿದೆ. ಮೊಹರಿನ ಶಾಯಿ, ಬಿಳಿ ಹಾಳೆ ಹಿಡಿದು ಹೋಗಿ, "ನಿಂಗಣ್ಣ, ಪಿಂಚಣಿ ಕಾಗದಕ್ಕೆ ಅಂಗೈ ಗುರುತು ಬೇಕು" ಎಂದು ಹೇಳಿ ಶಾಯಿ, ಹಾಳೆ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಅವರು ಗುರುತು ಒತ್ತಿ, ಕೈ ತೊಳೆಯಲು ಹೋಗಿದ್ದರು.

ನಾನು ಎಚ್ಚರಿಕೆಯ ಮನುಷ್ಯ. ಇದು ಬಲಗೈಯದೇ ಎಂದು ಖಚಿತಪಡಿಸಿಕೊಳ್ಳಲು ನನ್ನ ಬಲ ಅಂಗೈಯನ್ನು ಮೇಲ್ಮುಖವಾಗಿ ಹಾಳೆಯ ಪಕ್ಕ ಹಿಡಿದು ನೋಡಿದೆ. ಅಲ್ಲಿ ಹೆಬ್ಬೆರಳು ಬಲಕ್ಕೆ, ಇಲ್ಲೂ ಬಲಕ್ಕೆ. 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ.

ಮೇ ಹತ್ತು, ಎರಡನೇ ಶನಿವಾರ. ಬೇಲೂರಿಗೆ ಬಸ್ಸು. ಅಲ್ಲಿ ಮರ ಕಡೆಯುವ ಆಚಾರ್ರು ನಮ್ಮ ಮನೆಯ ದೇವರ ಮಂಟಪ ಮಾಡಿಕೊಟ್ಟವರು. ಇಂದಿಗೂ ಅಮ್ಮನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುವವರು. ಹಾಗಾಗಿ ಅವರಿಗೂ ನಿಜ ಹೇಳುವಂತಿರಲಿಲ್ಲ. ಅಂಗಡಿಯಲ್ಲಿ ಆಗಲೇ ಮೂರು ಜನ ಕಾಯುತ್ತಿದ್ದರು. ಆ ಅವಸರದಲ್ಲಿ ಅಳತೆಯ ಹಾಳೆ ನನ್ನಲ್ಲೇ ಉಳಿಯಿತು. ಒಂದು ಚೀಟಿ ಕೊಟ್ಟು ಬಂದೆ. ಅದರಲ್ಲಿ ಇದ್ದದ್ದು ಇಷ್ಟು: 'ಹಲಸಿನ ಮರದಲ್ಲಿ ಕಡೆದ ಕೋಲು. ಹಿಡಿ ಕೈಯಿಂದ ಜಾರಬಾರದು. ಒದ್ದೆಯಾದರೂ ಕೆಡಬಾರದು. ದಾರ ಸುತ್ತಲು ಜಾಗವಿರಬೇಕು. ಬುಡದಲ್ಲಿ ಭಾರವಿರಬೇಕು.'

ಮೇ 18, ಭಾನುವಾರ. ಮತ್ತೆ ಬೇಲೂರು.

"ನೋಡಪ್ಪ, ಬರೆದಂಗೇ ಐತೆ" ಎಂದು ಆಚಾರ್ರು ಬಟ್ಟೆ ಬಿಚ್ಚಿದರು. ಒಳಗೆ ಎರಡೂವರೆ ಅಡಿ ಉದ್ದದ, ಬುಡದಲ್ಲಿ ತಾವರೆ ಮೊಗ್ಗಿನಂತೆ ಸೀಳಿದ, ಅಪ್ಪಟ ಕಡೆಗೋಲು.

"ಆಚಾರ್ರೇ, ಇದು ಮಜ್ಜಿಗೆ ಕಡೆಯೋದು."

"ಮತ್ತೆ? ಕಡೆದ ಕೋಲು ಅಂತ ನೀನೇ ಬರ್ದಿದ್ದೀಯ. ಒದ್ದೆ ಆಗ್ತೈತೆ ಅಂದೆ. ದಾರ ಸುತ್ಬೇಕು ಅಂದೆ. ಬುಡ ಭಾರ ಅಂದೆ. ಇನ್ನೇನು ಆನೆ ಕಟ್ಟೋ ಗೂಟ ಮಾಡ್ಕೊಡ್ಲಾ?"

ಚೀಟಿಯನ್ನು ಮತ್ತೆ ಓದಿದೆ. ಒಂದು ಪದವೂ ಆಚೀಚೆಯಾಗಿರಲಿಲ್ಲ. ನಾನು ಹತ್ತಿರ ಸರಿದು, "ನನಗೆ ಬೇಕಾಗಿದ್ದು ಮೀನಿಗೆ" ಎಂದು ಪಿಸುಗುಟ್ಟಿದೆ.

"ಗಟ್ಟಿಯಾಗ್ ಹೇಳಪ್ಪ, ಮಿಷನ್ ಸದ್ದು."

"ಮೀನಿಗೆ!" ಎಂದು ಕೂಗಿದೆ. ಅದೇ ಕ್ಷಣಕ್ಕೆ ಕರೆಂಟು ಹೋಗಿ ಮಿಷನ್ ನಿಂತಿತು. ದೇವಸ್ಥಾನದ ಕಡೆ ಹೊರಟಿದ್ದ ಪ್ರವಾಸಿಗಳು ತಿರುಗಿ ನೋಡಿದರು. ಎಣಿಸಿದೆ, ಹನ್ನೊಂದು ಜನ.

ಆಚಾರ್ರು ನಕ್ಕರು. "ಇಷ್ಟಕ್ಕೆ ಹಿಂಗ್ ಒದ್ದಾಡ್ತಿದ್ದೀಯಾ? ನಾನೂ ತಿನ್ನಲ್ಲ ಕಣಪ್ಪ. ಉಳಿಗೇನ್ ಮೈಲಿಗೆ ಆಗಲ್ಲ. ಅಳತೆ ಕೊಡು. ನಿಮ್ಮಮ್ಮಂಗೆ ನಾನ್ಯಾಕ್ ಹೇಳ್ಲಿ?"

ಅಂಗೈ ಗುರುತಿನ ಹಾಳೆ ಕೊಟ್ಟೆ. ಕಡೆಗೋಲನ್ನು ಬಿಟ್ಟು ಬರಲು ಮನಸ್ಸಾಗದೆ ಮನೆಗೆ ತಂದೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನಗೋಸ್ಕರ ಎರಡು ಸಲ ಬೇಲೂರಿಗೆ ಹೋದ್ಯೇನೋ?" ಎಂದರು. ಕಣ್ಣು ಒದ್ದೆಯಾಗಿತ್ತು. ಮಜ್ಜಿಗೆ ಮಾಡುವ ಮಿಕ್ಸಿಯನ್ನು ಒರೆಸಿ ಅಟ್ಟಕ್ಕೆ ಹಾಕಿಸಿದರು. ಆ ದಿನದ ಪುಟದಲ್ಲಿ ನಾನು ಏನನ್ನೂ ಬರೆದಿಲ್ಲ.

ಮೇ 25ಕ್ಕೆ ಹಿಡಿ ಕೈಗೆ ಬಂತು. ಆಚಾರ್ರ ಕೆಲಸ ಎಂದರೆ ಕೆಲಸ! ಐದು ತೋಡುಗಳೂ ಬೆಣ್ಣೆಯಲ್ಲಿ ಬೆರಳೊತ್ತಿದಂತಿದ್ದವು. ನನ್ನ ಬಲಗೈಗೆ ಹೊಂದಲಿಲ್ಲ. ನಿಂಗಣ್ಣನ ಕೈ ಬೇರೆ, ನನ್ನ ಕೈ ಬೇರೆ ಎಂದು ಸಮಾಧಾನಪಟ್ಟೆ. ಹಿಡಿಯಿಲ್ಲದ ಫೈಬರ್ ಕೋಲನ್ನು ಅಷ್ಟರಲ್ಲಿ ತರಿಸಿಟ್ಟಿದ್ದೆ. ಅದನ್ನು ಹಿಡಿಗೆ ಕೂರಿಸಿ, ಉಂಗುರಗಳನ್ನು ದಾರ ಸುತ್ತಿ ಅಂಟಿಸಿದೆ. ರೀಲನ್ನು ನೀರಿನ ಪೈಪಿಗೆ ಹಾಕುವ ಕ್ಲಾಂಪಿನಿಂದ ಬಿಗಿದೆ. ಬೇರೆ ಕ್ಲಾಂಪು ಇರುತ್ತದೆಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೇ 31, ಶನಿವಾರ, ಸಂಜೆ ನಾಲ್ಕು. ಹಾರ, ಪೇಟ, ಭಾಷಣ ಮುಗಿದವು. ನಿಂಗಣ್ಣ ಪೊಟ್ಟಣ ಬಿಚ್ಚಿದರು. ಕೋಲನ್ನು ಬಲಗೈಯಲ್ಲಿ ಹಿಡಿದರು. ತಿರುಗಿಸಿ ಹಿಡಿದರು. ಮತ್ತೆ ತಿರುಗಿಸಿದರು. ಹೆಬ್ಬೆರಳಿನ ತೋಡು ಇರಬೇಕಾದ ಕಡೆ ಬೆರಳುಗಳ ತೋಡುಗಳಿದ್ದವು.

ಭಾಗ್ಯಕ್ಕ ಮೆಲ್ಲಗೆ ಕೇಳಿದರು: "ಅವತ್ತು ಯಾವ ಕೈ ಗುರುತು ಒತ್ತಿದ್ರಿ ನಿಂಗಣ್ಣ?"

"ಎಡಗೈದು ಕಣಮ್ಮ. ಪಿಂಚಣಿ ಕಾಗದ ಅಂದ್ರಲ್ಲ ಸಾರು. ಗಂಡಸ್ರುದ್ದು ಎಡಗೈ ಹೆಬ್ಬೆಟ್ಟೇ ಅಲ್ವಾ? ಈ ಆಪೀಸ್ನಾಗೆ ಎಷ್ಟು ಜನಕ್ಕೆ ನಾನೇ ಒತ್ತಿಸಿಲ್ಲ!"

ಆಗ ಹೊಳೆಯಿತು. ಅಂಗೈಯನ್ನು ಹಾಳೆಗೆ ಒತ್ತಿದರೆ ಗುರುತು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಎಡಗೈ ಗುರುತನ್ನು ನಾನು ನನ್ನ ಬಲಗೈ ಜೊತೆ ಹೋಲಿಸಿ ಸಹಿ ಹಾಕಿದ್ದೆ.

"ಪರವಾಗಿಲ್ಲ ಸಾರ್, ಚೆನ್ನಾಗೈತೆ. ಗೋಡೆ ಮೇಲೆ ಹಾಕ್ಕೊತೀನಿ" ಎಂದರು ನಿಂಗಣ್ಣ. ಗೋಡೆಗಾದರೆ ಗಡಿಯಾರವೇ ಆಗುತ್ತಿತ್ತು. ಭಾಗ್ಯಕ್ಕ ಅದನ್ನು ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಜೂನ್ ಒಂದು, ಭಾನುವಾರ, ಬೆಳಿಗ್ಗೆ 6.10ಕ್ಕೆ ನಿಂಗಣ್ಣನ ಫೋನ್. "ಕೆರೆ ಹತ್ರ ಬನ್ನಿ ಸಾರ್." ಕ್ಷಮೆ ಕೇಳುವುದಕ್ಕಾದರೂ ಆಯಿತೆಂದು ಹಳೇಬೀಡಿನ ಬಸ್ಸು ಹತ್ತಿದೆ.

ಅವರು ದಡದಲ್ಲಿ ಕೂತಿದ್ದರು. ಕೋಲು ಎಡಗೈಯಲ್ಲಿತ್ತು.

"ಎರಡು ವರ್ಷ ಈ ಬಲಗೈನೇ ಬೈಕೊಂಡು ಕೂತಿದ್ದೆ. ಇನ್ನೊಂದ್ ಕೈ ಐತೆ ಅನ್ನೋದೇ ನೆಪ್ಪಾಗ್ಲಿಲ್ಲ. ನೀವು ನೆಪ್ಪು ಮಾಡಿದ್ರಿ" ಎಂದರು. ನೋಡಿದರೆ, ನನ್ನ ತೋಡಿಗೆ ಸರಿಹೋಗಲೆಂದು ಚೆನ್ನಾಗಿ ಮಡಿಸಲು ಬರುವ ಎಡ ಹೆಬ್ಬೆರಳನ್ನೂ ಪಾಪ ನೆಟ್ಟಗೆ ಇಟ್ಟುಕೊಂಡಿದ್ದರು.

ನಾನು ಸುಮ್ಮನಿರಬಹುದಿತ್ತು. "ರೀಲು ಬಳಸುವುದು ಹೀಗೆ" ಎಂದು ಕೋಲು ತೆಗೆದುಕೊಂಡು, ಚಿತ್ರದಲ್ಲಿ ನೋಡಿದಂತೆ ಹಿಂದಕ್ಕೆಳೆದು ಬೀಸಿದೆ. ಕ್ಲಾಂಪು ಸಡಿಲಿತು. ರೀಲು ಗಾಳಕ್ಕಿಂತ ಮುಂದೆ ಹಾರಿತು. ಅದರ ಹಿಂದೆ ಉಂಗುರಗಳು ಒಂದೊಂದಾಗಿ ಕಿತ್ತುಕೊಂಡು ಹೊರಟವು. ಲೆಕ್ಕ: ನಾಲ್ಕು ಕೆರೆಯಲ್ಲಿ, ಒಂದು ನನ್ನ ಅಂಗಿಯಲ್ಲಿ, ಒಂದರ ಪತ್ತೆಯಿಲ್ಲ.

"ಜಾಸ್ತಿ ಇದ್ವು ಬಿಡಿ" ಎಂದರು ನಿಂಗಣ್ಣ. ಜೇಬಿನಿಂದ ಹಳೆಯ ದಾರ, ಗಾಳ ತೆಗೆದು ಕೋಲಿನ ತುದಿಗೇ ಕಟ್ಟಿದರು. ಇಪ್ಪತ್ತೈದು ನಿಮಿಷಕ್ಕೆ ಅಂಗೈ ಅಗಲದ ಮೀನು ಮೇಲೆ ಬಂತು. ನಮ್ಮ ಕಡೆ ಆ ಮೀನಿಗೆ ಜಿಲೇಬಿ ಎನ್ನುತ್ತಾರಂತೆ. ಕೋಲು ಕೈಯಲ್ಲಿ ತಿರುಗಲಿಲ್ಲ. ಅವರು ನನ್ನನ್ನು ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು.

ಒಟ್ಟು ಲೆಕ್ಕ ಹೀಗಿದೆ. ವಿನ್ಯಾಸದ ಅಂಶಗಳು ಹದಿನೇಳು. ಕೈಕೊಟ್ಟವು ಹದಿನೇಳು. ಕೆಲಸಕ್ಕೆ ಬಂದದ್ದು ಒಂದು, ಅದು ಪಟ್ಟಿಯಲ್ಲಿರಲಿಲ್ಲ.

ಈಗ ಪ್ರತಿ ಭಾನುವಾರ ನಿಂಗಣ್ಣ ಫೋನ್ ಮಾಡಿ "ಇವತ್ತು ನಾಲ್ಕು ಜಿಲೇಬಿ ಸಾರ್" ಎಂದು ವರದಿ ಒಪ್ಪಿಸುತ್ತಾರೆ. ಅವರ ಧ್ವನಿ ದೊಡ್ಡದು. ಕಳೆದ ವಾರ ಅಮ್ಮ ಮಜ್ಜಿಗೆ ಕಡೆಯುತ್ತಲೇ ಕೇಳಿಸಿಕೊಂಡು, "ಅಷ್ಟು ಒಳ್ಳೇ ಜಿಲೇಬಿ ಸಿಗೋದಾದ್ರೆ ನಮಗೂ ಅರ್ಧ ಕೆಜಿ ತರೋಕೆ ಹೇಳೋ" ಎಂದರು.

ಮರದ ಹಿಡಿಯ ಮೇಲೆ ರೀಲು ಕದಲದಂತೆ ಕೂರಿಸುವ ಬಗೆ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಒಂದೇ ವಿನಂತಿ: ಕಾಗದ ಮೊದಲು ಅಮ್ಮನ ಕೈಗೆ ಸಿಗುತ್ತದೆ. ಮೀನು ಎನ್ನಬೇಡಿ, ಕೋಲು ಎಂದರೆ ಸಾಕು. ನಾನು ಸರಿಯಾಗಿ ಅರ್ಥ ಮಾಡಿಕೊಳ್ಳುತ್ತೇನೆ, ಆಚಾರ್ರು ಮಾಡಿಕೊಂಡ ಹಾಗೆ.